ಆನೆ ಕೊಂಡವರಿಗೆ ಅಂಕುಶದ ಚೌಕಾಸಿ!

ವಿಜಯಪುರ: ಬೆಳಗಿನ ಎಂಟೂವರೆ ಗಂಟೆ. ಸ್ಟೇಷನ್ ರಸ್ತೆಯ ಬದಿಯಲ್ಲೊಂದು ಸೈಕಲ್ ಅಂಗಡಿ. ಅಂಗಡಿ ಎಂದರೆ ಒಂದು ತಗಡಿನ ಡಬ್ಬಿ, ಒಂದು ಬೋಗುಣಿ ನೀರು, ಒಂದು ಪಂಪು, ಹಗ್ಗಕ್ಕೆ ನೇತುಹಾಕಿದ ನಾಲ್ಕು ಹಳೆಯ ಟೈರು. ಅಷ್ಟೇ ಬಂಡವಾಳ. ತೊರವಿ ಕಡೆಯಿಂದ ಬಂದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸೈಕಲ್ ತಳ್ಳಿಕೊಂಡು ಬಂದು ಏದುಸಿರು ಬಿಡುತ್ತ ನಿಂತಿದ್ದಾಳೆ.

"ಕಾಕಾ, ಲಗೂನ ಮಾಡಿಕೊಡ್ರಿ. ಇವತ್ತ ಪರೀಕ್ಷಾ ಐತಿ."

"ಬಾರವ್ವ, ಮಾಡೂಣು" ಎಂದವರು ಟೈರು ಬಿಚ್ಚಿ, ಟ್ಯೂಬು ಎಳೆದು, ನೀರಿನಲ್ಲಿ ಮುಳುಗಿಸಿದರು. ಗುಳ್ಳೆ ಎದ್ದವು. ಒಂದು ಕಡೆಯಲ್ಲ, ಎರಡು ಕಡೆ, ಹಾವು ಕಡಿದ ಗುರುತಿನ ಹಾಗೆ ಅಕ್ಕಪಕ್ಕ.

"ಇದು ಮುಳ್ಳಿನ ತೂತಲ್ರೀ" ಎಂದು ಸುತ್ತ ನಿಂತವರಿಗೆ ತೋರಿಸಿದರು ಅಂಗಡಿಯವರು. "ಮುಳ್ಳು ಚುಚ್ಚಿದ್ರ ಒಂದ ತೂತು. ಜೋಡಿ ತೂತು ಬಿತ್ತಂದ್ರ ಗಾಳಿ ಕಡಿಮಿ ಇತ್ತು ಅಂತ ತಿಳೀರಿ. ಕಲ್ಲಿನ ಮ್ಯಾಲ ಹೋದಾಗ ಟ್ಯೂಬು ರಿಮ್ಮಿನ ಕೈಯಾಗ ಸಿಕ್ಕು ಕಡಿಸ್ಕೊಂಡೈತಿ. ಮನ್ಯಾಗ ಒಂದು ಪಂಪು ಇದ್ದಿದ್ರ ಈ ಕೂಸು ಇಲ್ಲಿ ನಿಂದ್ರತಿದ್ದಿಲ್ಲ."

ಜಾಲಿ ಮುಳ್ಳು, ನೆಗ್ಗಿಲ ಮುಳ್ಳಿನ ಸೀಮೆ ಇದು. ಪಂಕ್ಚರ್ ಆದರೆ ಎಲ್ಲರೂ ಮುಳ್ಳನ್ನೇ ಬೈಯುತ್ತಾರೆ. ಆದರೆ ಎಷ್ಟೋ ಪಂಕ್ಚರುಗಳಿಗೆ ಕಾರಣ ಮುಳ್ಳಲ್ಲ, ಗಾಳಿ ಹೊಡೆಯದ ಸೋಮಾರಿತನ! ಅದಕ್ಕೂ ಹಿಂದಿನ ಕಾರಣ, ಮನೆಯಲ್ಲಿ ಪಂಪು ಇಲ್ಲದಿರುವುದು. ಐದಾರು ಸಾವಿರ ಕೊಟ್ಟು ಸೈಕಲ್ ಕೊಳ್ಳುವವರು ನಾನೂರು ರೂಪಾಯಿಯ ಪಂಪಿಗೆ ಹಿಂದೆಮುಂದೆ ನೋಡುತ್ತಾರೆ. ಆನೆ ಕೊಂಡಾಗಿದೆ, ಚೌಕಾಸಿ ಮಾತ್ರ ಅಂಕುಶಕ್ಕೆ!

ಅಕ್ಕನ ಸೈಕಲ್ಲು ತಂಗಿಗೆ

ಈ ಹುಡುಗಿಯ ಸೈಕಲ್ಲು ಅವಳದಲ್ಲ, ಅಕ್ಕನದು. ಅಕ್ಕ ಎಂಟನೇ ತರಗತಿಯಲ್ಲಿದ್ದಾಗ ಸರ್ಕಾರದಿಂದ ಬಂದದ್ದು. 2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆ ಜಿಲ್ಲೆಯ ಹಳ್ಳಿ ಹಳ್ಳಿಗೂ ಸೈಕಲ್ ಮುಟ್ಟಿಸಿತ್ತು. ಹೈಸ್ಕೂಲು ದೂರವೆಂದು ಮನೆಯಲ್ಲಿ ಕೂರುತ್ತಿದ್ದ ಹೆಣ್ಣುಮಕ್ಕಳು ಎರಡು ಜಡೆ ಹಾಕಿಕೊಂಡು ಸಾಲಾಗಿ ಸೈಕಲ್ ತುಳಿದದ್ದು ಆಗಲೇ. ಕೋವಿಡ್ ಬಂದ 2020ರಲ್ಲಿ ವಿತರಣೆ ನಿಂತಿತು. ಹಾಗಾಗಿ ಅಕ್ಕನಿಗೆ ಬಂದದ್ದು ತಮ್ಮನಿಗೆ, ತಮ್ಮನಿಂದ ತಂಗಿಗೆ ಎಂಬಂತೆ ಒಂದೇ ಸೈಕಲ್ಲು ಮೂರು ಜನರನ್ನು ಹೊತ್ತ ಮನೆಗಳು ಬೇಕಾದಷ್ಟಿವೆ.

ಇಂಥ ಸೈಕಲ್ಲಿಗೆ ಗಾಳಿ ಹೊಡೆಯುವುದೂ, ಫ್ರೇಮಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದೂ ಶೋಕಿಯ ಮಾತಲ್ಲ. ಫ್ರೇಮು ಹೋದರೆ ಸೈಕಲ್ಲೇ ಹೋಯಿತು. ಸೈಕಲ್ ಹೋದರೆ ಕೆಲವು ಮನೆಗಳಲ್ಲಿ ಶಾಲೆಯೂ ಹೋಯಿತು. ಹಾಲಿನ ಕ್ಯಾನು ಕಟ್ಟುವವರಿಗೆ, ಪೇಪರ್ ಹಾಕುವ ಹುಡುಗರಿಗೆ, ಎಪಿಎಂಸಿ ಕೂಲಿಗೆ ಬರುವವರಿಗೆ ಹೋಗುವುದು ಅವತ್ತಿನ ಅನ್ನ.

ಬಂಕಿನ ಗಾಳಿ ನಮ್ಮ ಸೈಕಲ್ಲಿಗೆ ಬಾರದು

ಪೆಟ್ರೋಲ್ ಬಂಕಿನಲ್ಲಿ ಗಾಳಿ ಪುಕ್ಕಟೆ ಕೊಡಬೇಕೆಂದು ತೈಲ ಕಂಪೆನಿಗಳ ನಿಯಮವೇ ಇದೆ. ಆದರೆ ಸೈಕಲ್ಲಿನವರು ಹೋದರೆ ಪ್ರಯೋಜನವೇನು? ಬಂಕಿನ ಪೈಪಿನ ತುದಿ ಕಾರು, ಮೋಟರ್‌ಸೈಕಲ್ಲಿನ ವಾಲ್ವಿಗೆ ಕೂರುವಂಥದು. ನಮ್ಮ ಸಾದಾ ಸೈಕಲ್ಲುಗಳಲ್ಲಿ ಇರುವುದು ಹಳೆಯ ಡನ್‌ಲಪ್ ವಾಲ್ವು. ಒಳಗೆ ಹಿತ್ತಾಳೆ ಕಡ್ಡಿ, ಅದರ ಮೇಲೆ ಬೆರಳುದ್ದವೂ ಇಲ್ಲದ ರಬ್ಬರಿನ ವಾಲ್‌ಟ್ಯೂಬು. ಇದಕ್ಕೆ ಅದು ಕೂರುವುದಿಲ್ಲ.

ಸೈಕಲ್ ವಾಲ್ವಿನ ಮೇಲೆ ತಿರುಗಿಸಿ ಕೂರಿಸುವ ಚಿಕ್ಕ ಹಿತ್ತಾಳೆಯ ಅಡಾಪ್ಟರ್ ಸಿಗುತ್ತದೆ, ಬೆಲೆ ಹತ್ತಿಪ್ಪತ್ತು ರೂಪಾಯಿ. ಒಂದು ಕೀಲಿಗೊಂಚಲಿಗೆ ಹಾಕಿಟ್ಟುಕೊಂಡರೆ ಒಳ್ಳೆಯದು. ಆದರೆ ಒಂದು ಎಚ್ಚರಿಕೆ. ಸೈಕಲ್ ಟ್ಯೂಬಿನೊಳಗಿನ ಜಾಗ ಎರಡೂವರೆ ಲೀಟರಿನಷ್ಟು. ಕಾರಿನ ಟೈರಿನದು ಅದರ ಹತ್ತು ಪಟ್ಟಿಗೂ ಹೆಚ್ಚು. ಕಂಪ್ರೆಸರ್ ಗಾಳಿ ಕಾರಿಗೆ ಎಷ್ಟು ಹೊತ್ತು ಬಿಡುತ್ತಾರೋ ಅಷ್ಟೇ ಹೊತ್ತು ಸೈಕಲ್ಲಿಗೂ ಬಿಟ್ಟರೆ ಢಂ ಎನ್ನುವುದೇ! ಒಂದು ಕ್ಷಣ ಬಿಟ್ಟು, ನಿಲ್ಲಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿ ಮುಂದುವರಿಯಬೇಕು.

"ಬ್ಯಾಸಗ್ಯಾಗ ಬಿಸಲಿಗೆ ಟ್ಯೂಬು ಹಾರ್ತೈತಿ, ಅದಕ್ಕ ಗಾಳಿ ಕಡಿಮಿ ಇಡಬೇಕು" ಎಂಬ ಮಾತೂ ಊರಲ್ಲಿದೆ. ಲೆಕ್ಕ ಹಾಕಿದರೆ ಅಷ್ಟೇನೂ ಇಲ್ಲ. ಬೆಳಗಿನ 20 ಡಿಗ್ರಿಯಲ್ಲಿ 50 ಪಿಎಸ್‌ಐ ಇದ್ದ ಗಾಳಿ, ಟೈರು 45 ಡಿಗ್ರಿಗೆ ಕಾದಾಗ ಏರುವುದು ಐದಾರು ಪಿಎಸ್‌ಐ ಮಾತ್ರ. ಒಳ್ಳೆಯ ಟೈರು ಇದಕ್ಕೆ ಜಗ್ಗುವುದಿಲ್ಲ. ಹಾರುವುದು ದಾರ ಕಿತ್ತ ಹಳೆಯ ಟೈರು. ಬಿಸಿಲಿಗೆ ಹೆದರಿ ಗಾಳಿ ಕಡಿಮೆ ಇಟ್ಟವರಿಗೆ ಸಿಗುವುದು ಜೋಡಿ ತೂತೇ.

ಎಷ್ಟು ಗಾಳಿ ಹಿಡಿಸುತ್ತದೆ ಎಂಬುದು ಟೈರಿನ ಪಕ್ಕದಲ್ಲೇ ಉಬ್ಬಕ್ಷರದಲ್ಲಿ ಬರೆದಿರುತ್ತದೆ. ಕೊಂಡ ದಿನದಿಂದ ಅದನ್ನು ಓದದವರೇ ಹೆಚ್ಚು.

ಮೊದಲು ವಾಲ್ವು ನೋಡಿ

ಪಂಪು ಕೊಳ್ಳಲು ಹೋಗುವವರು ಮೊದಲು ತಮ್ಮ ಸೈಕಲ್ಲಿನ ವಾಲ್ವು ನೋಡಿಕೊಂಡು ಹೋಗಬೇಕು. ಸಾದಾ ಸೈಕಲ್ಲಾದರೆ ಕ್ಲಿಪ್ಪಿನ ಪಂಪು ಸಾಕು. ದಪ್ಪ ಟೈರಿನ, ಗೇರಿನ ಹೊಸ ಬಗೆಯ ಸೈಕಲ್ಲಾದರೆ ಬಹುಮಟ್ಟಿಗೆ ಮೋಟರ್‌ಸೈಕಲ್ ಮಾದರಿಯ ವಾಲ್ವು ಇರುತ್ತದೆ. ಓಟದ ಸೈಕಲ್ಲಿಗೆ ತೆಳ್ಳನೆಯ ಮೂರನೇ ಬಗೆ. ನಮ್ಮದು ಸೈಕಲ್ ಓಟಗಾರರಿಗೆ ಹೆಸರಾದ ಜಿಲ್ಲೆಯಾದ್ದರಿಂದ ಮೂರೂ ಬಗೆ ಇಲ್ಲಿ ಕಾಣುತ್ತವೆ. ಮನೆಯಲ್ಲಿ ಎರಡು ಬಗೆ ಇದ್ದರೆ ಎರಡೂ ಕಡೆ ಕೂರುವ ತಲೆಯ ಪಂಪನ್ನು ಕೇಳಿ ತರಬೇಕು.

ಗಡಿಯಾರದಂತೆ ಮುಳ್ಳು ತೋರಿಸುವ ಮೀಟರಿನ ಪಂಪಿಗೆ ಆಸೆ ಪಡುವವರುಂಟು. ಬೆಲೆ ಆರೇಳು ನೂರು ದಾಟುತ್ತದೆ. ಸಾದಾ ಸೈಕಲ್ಲಿನವರಿಗೆ ಅದು ದಂಡ. ಗಾಳಿ ಒಳಹೋಗಲು ಮೊದಲು ವಾಲ್‌ಟ್ಯೂಬಿನ ರಬ್ಬರನ್ನು ಎತ್ತಬೇಕು, ಆ ಒತ್ತಡವೂ ಸೇರಿಯೇ ಮೀಟರಿನಲ್ಲಿ ಕಾಣುತ್ತದೆ. ಟೈರಿನೊಳಗೆ ನಿಜವಾಗಿ ಎಷ್ಟಿದೆ ಎಂದು ಗೊತ್ತಾಗುವುದೇ ಇಲ್ಲ. ಮೋಟರ್‌ಸೈಕಲ್ ಮಾದರಿಯ ವಾಲ್ವು ಇದ್ದವರಿಗೆ ಮೀಟರು ಪ್ರಯೋಜನಕ್ಕೆ ಬರುತ್ತದೆ.

ದಪ್ಪ ಪಂಪೋ, ಸಣ್ಣ ಪಂಪೋ?

"ದೊಡ್ಡದ ಕೊಡ್ರಿ, ಲಗೂ ತುಂಬತೈತಿ" ಎನ್ನುವುದು ಗಿರಾಕಿಗಳ ರೂಢಿ. ಇಲ್ಲೇ ಮೋಸ ಹೋಗುವುದು. ಪಂಪಿನ ಕೊಳವೆ ದಪ್ಪವಾದಷ್ಟೂ ಒಂದು ಹೊಡೆತಕ್ಕೆ ಹೆಚ್ಚು ಗಾಳಿ ಹೋಗುತ್ತದೆ, ನಿಜ. ಆದರೆ ಒತ್ತಲು ಬೇಕಾಗುವ ಶಕ್ತಿಯೂ ಹೆಚ್ಚುತ್ತದೆ.

50 ಪಿಎಸ್‌ಐ ಎಂದರೆ ಒಂದು ಚದರ ಸೆಂಟಿಮೀಟರಿಗೆ ಮೂರೂವರೆ ಕಿಲೋ ಭಾರ. ಕೊಳವೆಯ ಒಳ ಅಡ್ಡಳತೆ 3 ಸೆಂಟಿಮೀಟರ್ ಇದ್ದರೆ ಕೊನೆಯ ಹೊಡೆತಗಳಿಗೆ ಸುಮಾರು 25 ಕಿಲೋ ಭಾರ ಹಾಕಬೇಕು. 4 ಸೆಂಟಿಮೀಟರ್ ಇದ್ದರೆ 44 ಕಿಲೋ! ನಲವತ್ತು ಕಿಲೋ ತೂಗುವ ಶಾಲೆಯ ಹುಡುಗಿ ಹ್ಯಾಂಡಲ್ ಮೇಲೆ ಮೈಯೆಲ್ಲ ಬಿಟ್ಟರೂ ಅದು ಕೆಳಗಿಳಿಯದು. ಅಪ್ಪ ತಂದ ದೊಡ್ಡ ಪಂಪು ಮೂಲೆ ಸೇರುವುದು ಹೀಗೆ.

ಇನ್ನೊಂದು ತುದಿಯಲ್ಲಿ ಗೇಣುದ್ದದ ಪ್ಲಾಸ್ಟಿಕ್ ಪಂಪು, ಬೆಲೆ ನೂರೈವತ್ತು ಇನ್ನೂರು. 2 ಸೆಂಟಿಮೀಟರ್ ಕೊಳವೆಯಾದ್ದರಿಂದ ಒತ್ತುವುದು ಹಗುರ, 11 ಕಿಲೋ ಸಾಕು. ಆದರೆ ಗಾಳಿಯೂ ಹಾಗೆಯೇ ಹೋಗುತ್ತದೆ, ಚಮಚದಲ್ಲಿ ಕೆರೆ ತುಂಬಿದ ಹಾಗೆ! ಸಾದಾ 28 ಇಂಚಿನ ಟೈರನ್ನು ಪೂರಾ ತುಂಬಲು ಸುಮಾರು ಎಂಟು ಲೀಟರ್ ಗಾಳಿ ಒಳಹೋಗಬೇಕು. 3 ಸೆಂಟಿಮೀಟರ್ ದಪ್ಪದ, ಒಂದೂವರೆ ಅಡಿ ಓಟದ ಪಂಪಿಗೆ ಲೆಕ್ಕದ ಪ್ರಕಾರ 26 ಹೊಡೆತ, ಸೋರಿಕೆ ಸೇರಿ ಮೂವತ್ತು ಮೂವತ್ತೈದು ಎನ್ನಿ. ಗೇಣುದ್ದದ ಪಂಪಿಗೆ 170ಕ್ಕೂ ಮೇಲೆ. ಅಷ್ಟು ಹೊಡೆಯುವಷ್ಟರಲ್ಲಿ ಶಾಲೆಯ ಗಂಟೆ ಬಾರಿಸಿರುತ್ತದೆ.

ಆದ್ದರಿಂದ ಮನೆಗೆ ಕಾಲಲ್ಲಿ ಮೆಟ್ಟಿ ನಿಂತು ಹೊಡೆಯುವ ಮಧ್ಯಮ ದಪ್ಪದ ಉಕ್ಕಿನ ಪಂಪೇ ಸರಿ. ಸಾಮಾನ್ಯವಾಗಿ ಮುನ್ನೂರರಿಂದ ಐನೂರರ ಒಳಗೆ ಸಿಗುತ್ತದೆ. ಚಿಕ್ಕ ಪಂಪು ದೂರದ ದಾರಿಯಲ್ಲಿ ಕೈಕೊಟ್ಟಾಗ ಮನೆ ಮುಟ್ಟಿಸುವುದಕ್ಕೆ ಮಾತ್ರ.

ಅಂಗಡಿಯಲ್ಲೇ ಮೂರು ಪರೀಕ್ಷೆ

ಬಣ್ಣ ನೋಡಿ ಪಂಪು ತರಬಾರದು. ಮೊದಲನೆಯದು, ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹ್ಯಾಂಡಲ್ ಒತ್ತಬೇಕು. ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಒದೆಯಬೇಕು. ಸಲೀಸಾಗಿ ಕೆಳಗಿಳಿದರೆ ಗಾಳಿ ಎಲ್ಲೋ ಸೋರುತ್ತಿದೆ ಎಂದರ್ಥ. ಎರಡನೆಯದು, ಮೇಲಿನ ಮುಚ್ಚಳ ಬಿಚ್ಚಿಸಿ ವಾಷರ್ ನೋಡಬೇಕು. ಬಟ್ಟಲಿನ ಆಕಾರದ ತೊಗಲಿನ ವಾಷರ್ ಇದ್ದರೆ ಒಣಗಿದಾಗ ಎಣ್ಣೆ ಹಾಕಿ ಮತ್ತೆ ಬಳಸಬಹುದು, ಸವೆದರೆ ಹತ್ತಿಪ್ಪತ್ತು ರೂಪಾಯಿಗೆ ಬೇರೆ ಹಾಕಿಸಬಹುದು. ಬಿಚ್ಚಲು ಬಾರದಂತೆ ಅಂಟಿಸಿದ ಪಂಪು ಕೆಟ್ಟ ದಿನ ಗುಜರಿಗೇ. ಮೂರನೆಯದು, ಬುಡದ ಕಾಲುಪಟ್ಟಿ. ಎರಡೂ ಪಾದ ಇಟ್ಟು ನಿಲ್ಲುವಷ್ಟು ಅಗಲವಿರಬೇಕು, ಬೆಸುಗೆ ಗಟ್ಟಿಯಿರಬೇಕು. ತಗಡಿನದಾದರೆ ಒಂದು ತಿಂಗಳಲ್ಲಿ ಮಡಚಿಕೊಳ್ಳುತ್ತದೆ.

ಹೊಡೆಯುವಾಗ ಕೊಳವೆ ಬಿಸಿಯಾದರೆ ಪಂಪು ಕೆಟ್ಟಿದೆ ಎಂದು ಹಿಂತಿರುಗಿಸಲು ಬರುವವರಿದ್ದಾರಂತೆ! ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುವುದು ಸಹಜ, ದೋಷವಲ್ಲ. ಪಂಪಿನ ಜೊತೆಗೆ ನಾಲ್ಕು ವಾಲ್‌ಟ್ಯೂಬೂ ಕೊಂಡಿಟ್ಟುಕೊಳ್ಳಬೇಕು. ನಮ್ಮ ಬಿಸಿಲಿಗೆ ಆ ಚೂರು ರಬ್ಬರ್ ಬೇಗ ಬಿರಿಯುತ್ತದೆ. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ಗುಳ್ಳೆ ಬರುತ್ತದೋ ನೋಡುವ ಹಿರಿಯರ ಪರೀಕ್ಷೆ ಇಂದಿಗೂ ಸುಳ್ಳಾಗಿಲ್ಲ.

ಫ್ರೇಮಿಗೆ ಅಂಗಿ ಬೇಕೆ?

ಗಾಳಿಯದು ಹೀಗಾದರೆ ಫ್ರೇಮಿನದು ಇನ್ನೊಂದು ಕತೆ. ಹೊಸ ಸೈಕಲ್ಲಿಗೆ ಕಂಪೆನಿಯವರು ಸುತ್ತಿದ ಕಾಗದ, ಪ್ಲಾಸ್ಟಿಕ್ ಹಾಳೆಯನ್ನು ವರ್ಷಗಟ್ಟಲೆ ಬಿಚ್ಚದವರಿದ್ದಾರೆ. ಬಣ್ಣ ಉಳಿಯಲಿ ಎಂಬ ಆಸೆ. ಕೆಲವರು ಬಣ್ಣಬಣ್ಣದ ಸ್ಪಂಜಿನ ಕವರು ತಂದು ಮೇಲಿನಿಂದ ಕೆಳಗಿನ ತನಕ ಅಂಗಿ ಹೊಲಿಸಿದ ಹಾಗೆ ತೊಡಿಸುತ್ತಾರೆ. ನೋಡಲು ಚೆಂದವೇ. ಆದರೆ ಮಳೆನೀರು, ತೊಳೆದ ನೀರು ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಸ್ಪಂಜು ಹೀರಿಕೊಂಡು ಕೂರುತ್ತದೆ. ಹೊರಗೆ ಮದುಮಗನ ಶೃಂಗಾರ, ಒಳಗೆ ತುಕ್ಕು!

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಭಾರ ಹೊತ್ತ ಫ್ರೇಮು ಒಂದೇ ಏಟಿಗೆ ಮುರಿಯುವುದು ಅಪರೂಪ. ಮೊದಲು ಹ್ಯಾಂಡಲಿನ ಕೆಳಗಿನ ಕೀಲಿನಲ್ಲೋ, ಸೀಟಿನ ಕೆಳಗೋ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಬಣ್ಣ ಸೀಳಿ ತುಕ್ಕಿನ ಕೆಂಪು ಗೆರೆ ಕಾಣುತ್ತದೆ. ಕಂಡವರು ಬೆಸುಗೆ ಹಾಕಿಸಿ ಬದುಕಿಕೊಳ್ಳುತ್ತಾರೆ. ಮೇಲೆ ಕವರು ತೊಡಿಸಿದವರಿಗೆ ಅದು ಕಾಣುವುದೇ ಇಲ್ಲ. ಎರಡು ಕ್ಯಾನು ಹಾಲು ಹೊತ್ತು ಇಳಿಜಾರಿನಲ್ಲಿ ಬರುವಾಗ ಕಂಡರೆ ಆಗ ತಡವಾಗಿರುತ್ತದೆ.

ಹಾಗಾದರೆ ಏನು ಮಾಡಬೇಕು? ಫ್ರೇಮಿಗೆ ಪೂರಾ ಅಂಗಿ ಬೇಡ, ಸವೆಯುವ ಜಾಗಕ್ಕೆ ತೇಪೆ ಸಾಕು. ಸವೆಯುವ ಜಾಗಗಳು ಐದೇ: ಬ್ರೇಕಿನ ಕೇಬಲ್ಲು ತಿಕ್ಕುವ ಮುಂಭಾಗ, ಚೈನು ಬಡಿಯುವ ಹಿಂದಿನ ಕೊಳವೆ, ಕ್ಯಾರಿಯರಿನ ಕ್ಲಾಂಪು, ಸ್ಟ್ಯಾಂಡಿನ ಕ್ಲಾಂಪು, ಬೀಗದ ಚೈನು ಸುತ್ತುವ ಸೀಟಿನ ಕೆಳಭಾಗ. ಕ್ಯಾನು ಕಟ್ಟುವವರಿಗೆ ಕ್ಯಾನು ತಿಕ್ಕುವ ಕಂಬಿ ಆರನೆಯದು.

ಇವಕ್ಕೆ ಎಲ್ಲಕ್ಕಿಂತ ಅಗ್ಗದ ಕವಚ ಹಳೆಯ ಟ್ಯೂಬು. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಪುಕ್ಕಟೆಯೂ ಕೊಟ್ಟಾರು. ಮೊದಲು ಜಾಗವನ್ನು ಒರೆಸಿ ಒಣಗಿಸಬೇಕು. ಬಣ್ಣ ಎದ್ದುಹೋಗಿದ್ದರೆ ಉಪ್ಪುಕಾಗದದಿಂದ ತಿಕ್ಕಿ, ಒಂದು ಕೈ ರೆಡ್ ಆಕ್ಸೈಡ್, ಅದರ ಮೇಲೆ ಒಂದು ಕೈ ಎಣ್ಣೆಬಣ್ಣ ಹೊಡೆಯಬೇಕು. ಪೂರಾ ಆರಿದ ಮೇಲೆ ಟ್ಯೂಬಿನ ತುಂಡನ್ನು ಬಿಗಿಯಾಗಿ ಸುತ್ತಿ ಕಟ್ಟಬೇಕು. ಎರಡು ತಿಂಗಳಿಗೊಮ್ಮೆ ಬಿಚ್ಚಿ ನೋಡಬೇಕು. ಮಳೆಗಾಲದಲ್ಲಿ ಇನ್ನೂ ಬೇಗ.

ನಮ್ಮ ಎರೆಮಣ್ಣಿನ ಗುಣ ಎಲ್ಲರಿಗೂ ಗೊತ್ತು. ಒಂದು ಮಳೆ ಬಿದ್ದರೆ ಮಡ್‌ಗಾರ್ಡಿನೊಳಗೆ ಹಿಟ್ಟಿನಂತೆ ಮೆತ್ತಿ ಚಕ್ರವೇ ತಿರುಗದು. ಹಾಗೆಯೇ ಒಣಗಲು ಬಿಟ್ಟರೆ ಸಂದಿಗಳಲ್ಲಿ ತೇವ ಹಿಡಿದಿಟ್ಟು ಫ್ರೇಮನ್ನು ತಿನ್ನುತ್ತದೆ. ಮುಂದಿನ ಮಡ್‌ಗಾರ್ಡಿನ ತುದಿಗೆ ಹಳೆ ಟ್ಯೂಬಿನದೇ ಒಂದು ಅಂಗೈಯಗಲದ ನಾಲಿಗೆ ಇಳಿಬಿಟ್ಟರೆ ಪೆಡಲಿನ ಬುಡಕ್ಕೂ ಚೈನಿಗೂ ಕೆಸರು ಎರಚುವುದು ಬಹಳ ಕಡಿಮೆಯಾಗುತ್ತದೆ. ಖರ್ಚು ಒಂದು ನಟ್ಟು ಬೋಲ್ಟು. ಇನ್ನು ಹಬ್ಬಿಗೆ ಹಾಕುವ ಬಣ್ಣದ ಕುಚ್ಚು ಬರೀ ಶೋಕಿ ಎಂದು ನಗುವವರು ತಪ್ಪು ತಿಳಿದಿದ್ದಾರೆ. ತಿರುಗುವಾಗ ಹಬ್ಬಿನ ಧೂಳು ಒರೆಸುವ ಕೆಲಸವನ್ನು ಅದು ಸುಮ್ಮನೆ ಮಾಡುತ್ತಿರುತ್ತದೆ.

ಅಡುಗೆಮನೆಯ ಎಣ್ಣೆ ಬೇಡ

ಮನೆಯಲ್ಲಿ ಕುಸುಬಿ ಎಣ್ಣೆ ಇದೆಯೆಂದು ಚೈನಿಗೂ, ಪಂಪಿನ ವಾಷರಿಗೂ ಅದನ್ನೇ ಬಿಡುವುದು ಈ ಭಾಗದ ಅಭ್ಯಾಸ. ರೊಟ್ಟಿ ಪಲ್ಯಕ್ಕೆ ಅದು ಅಮೃತ, ಸೈಕಲ್ಲಿಗೆ ಮಾತ್ರ ಅಂಟು. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಗೋಂದಿನಂತಾಗುವ ಜಾತಿಯದು. ಧೂಳು ಹಿಡಿದು ಚೈನು ಬಿಗಿಯುತ್ತದೆ. ಹೊಲಿಗೆ ಯಂತ್ರಕ್ಕೆ ಹಾಕುವ ಮಷೀನ್ ಎಣ್ಣೆಯ ಚಿಕ್ಕ ಬಾಟಲಿ ತಿಂಗಳುಗಟ್ಟಲೆ ಬರುತ್ತದೆ. ಅದರದೇ ಎರಡು ಹನಿ ಪಂಪಿಗೂ ಸಾಕು.

ಕೊಳ್ಳುವಾಗ ರಸೀದಿ ಕೇಳುವುದನ್ನು ಮರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಇಳಿದದ್ದು ಗಿರಾಕಿಯ ಕೈಗೂ ಸಿಗಬೇಕಲ್ಲ!

ಓಣಿಗೊಂದು, ಶಾಲೆಗೊಂದು

"ನಾನೂರು ರೂಪಾಯಿ ಒಮ್ಮೆಲೇ ಎಲ್ಲಿಂದ ತರೂದು?" ಎಂಬುದು ಕೂಲಿ ಮಾಡುವವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಪಂಪು ವಾರಕ್ಕೊಮ್ಮೆ ಹತ್ತು ನಿಮಿಷ ಬೇಕಾಗುವ ವಸ್ತು. ಐದು ಮನೆಯವರು ಸೇರಿದರೆ ತಲೆಗೆ ಎಂಬತ್ತು ರೂಪಾಯಿ. ಎರಡು ಪಂಕ್ಚರಿನ ದುಡ್ಡು! ಭಾನುವಾರ ಬೆಳಿಗ್ಗೆ ಓಣಿಯ ಸೈಕಲ್ಲಿಗೆಲ್ಲ ಗಾಳಿ ಹೊಡೆದರೆ ವಾರ ನಿಶ್ಚಿಂತೆ.

ಶಾಲೆಗಳಲ್ಲೂ ಹೀಗೆ ಆಗಬಾರದೇಕೆ? ಸರ್ಕಾರ ಸಾವಿರಾರು ರೂಪಾಯಿಯ ಸೈಕಲ್ಲು ಕೊಟ್ಟಿತು, ಎಷ್ಟು ಶಾಲೆಗಳಲ್ಲಿ ಒಂದು ಪಂಪು ಇದೆ? ಹೈಸ್ಕೂಲಿನ ಎಸ್‌ಡಿಎಂಸಿಯವರು ಮನಸ್ಸು ಮಾಡಿದರೆ ಒಂದು ಒಳ್ಳೆಯ ಪಂಪು, ಒಂದು ಡಬ್ಬಿ ವಾಲ್‌ಟ್ಯೂಬು, ಒಂದು ಬಾಟಲಿ ಎಣ್ಣೆ ಶಾಲೆಯ ಮೂಲೆಯಲ್ಲಿ ಇಡುವುದು ದೊಡ್ಡ ಮಾತಲ್ಲ. ಶಾಲೆ ಬಿಡುವ ಹೊತ್ತಿಗೆ ಮಕ್ಕಳೇ ಹೊಡೆದುಕೊಂಡು ಹೋಗುತ್ತಾರೆ. ಬಂಕಿನವರೂ ಪೈಪಿನ ಪಕ್ಕ ಒಂದು ಅಡಾಪ್ಟರನ್ನು ದಾರ ಕಟ್ಟಿ ತೂಗಿಬಿಟ್ಟರೆ ಪುಕ್ಕಟೆ ಗಾಳಿಯ ನಿಯಮ ಸೈಕಲ್ಲಿನವರಿಗೂ ಅನ್ವಯಿಸಿದಂತಾಗುತ್ತದೆ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?

ಅತ್ತ ಸ್ಟೇಷನ್ ರಸ್ತೆಯಲ್ಲಿ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಟ್ಯೂಬಿಗೆ ಎರಡು ತೇಪೆ ಬಿದ್ದು, ಟೈರು ಕೂತು, ಗಾಳಿ ತುಂಬಿತ್ತು. ಹುಡುಗಿ ಹಿಂದೆ ನೋಡದೆ ಪೆಡಲ್ ತುಳಿದಳು. ಎಲ್ಲರೂ ಮನೆಯಲ್ಲೇ ಪಂಪು ಇಟ್ಟುಕೊಂಡರೆ ನಿಮ್ಮ ಹೊಟ್ಟೆಪಾಡೇನು ಎಂದು ನಿಂತವರೊಬ್ಬರು ಅಂಗಡಿಯವರನ್ನು ಕೇಳಿದರು. ಅವರು ನಕ್ಕು ಕೈ ಒರೆಸಿಕೊಂಡರು.

"ಶಾಲಿ ಹುಡುಗೂರ ಕಡೆ ಗಾಳಿಗೆ ನಾ ರೊಕ್ಕಾನ ತಗೊಳ್ಳೂದಿಲ್ರೀ. ಸೈಕಲ್ಲು ಓಡಾಡಿದ್ರ ಇವತ್ತಿಲ್ಲ ನಾಳೆ ಬ್ರೇಕಿಗೋ ಚೈನಿಗೋ ನನ್ನ ಕಡೆ ಬರ್ತೈತಿ. ಗಾಳಿ ಇಲ್ಲದ ಮೂಲಿಗೆ ನಿಂತ ಸೈಕಲ್ಲು ಹೋಗೂದು ಸೀದಾ ಗುಜರಿಗೆ. ಆವತ್ತ ನಂದೂ ಅಂಗಡಿ ಮುಗೀತು."